ಷಡ್ಡಕನ ಮನೆ ಫೈಬರು, ನಮ್ಮ ಮನೆ ಉರಿ

ನಿವೃತ್ತಿಯಾದ ಮೇಲೆ ಮನುಷ್ಯ ಮಾಗುತ್ತಾನೆ, ಆಸೆ ಅಸೂಯೆಗಳೆಲ್ಲ ತಾವಾಗಿ ಉದುರಿಹೋಗುತ್ತವೆ ಎಂದು ಬೀಳ್ಕೊಡುಗೆಯ ದಿನ ನನಗೆ ಹಾರ ಹಾಕಿದವರು ಭಾಷಣ ಮಾಡಿದ್ದರು. ಆದದ್ದೇ ಬೇರೆ. ಕೆ.ಆರ್.ಎಸ್.ನ ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಹೊಟ್ಟೆಕಿಚ್ಚು ಪಡುವುದಕ್ಕೆ ನನಗೆ ಭಾನುವಾರ ಮಾತ್ರ ಬಿಡುವು ಸಿಗುತ್ತಿತ್ತು. ಈಗ ವಾರವೆಲ್ಲ ಭಾನುವಾರ. ಹಾಗಾಗಿ ಇಂಥ ಪ್ರಸಂಗಗಳು ನಮ್ಮ ಮನೆಯಲ್ಲಿ ನಡೆಯುತ್ತಲೇ ಇರುತ್ತವೆ. ನಾನು ಸುಮ್ಮನಿದ್ದರೂ ಅವು ಸುಮ್ಮನಿರುವುದಿಲ್ಲ.

ಹೊಟ್ಟೆಕಿಚ್ಚಿಗೆ ಒಬ್ಬ ಆಸಾಮಿ ಬೇಕಲ್ಲ. ನನಗೆ ನನ್ನ ಷಡ್ಡಕ ಇದ್ದಾರೆ. ನನ್ನ ಹೆಂಡತಿಯ ಅಕ್ಕನ ಗಂಡ. ಚಿನಕುರಳಿಯಲ್ಲಿ ಕಬ್ಬಿನ ಗದ್ದೆ, ಸ್ವಂತ ಟ್ರಾಕ್ಟರು, ಎರಡಂತಸ್ತಿನ ಮನೆ. ಒಂದೇ ಮನೆಯ ಅಳಿಯಂದಿರು ನಾವು. ಮದುವೆಯಾದ ಹೊಸತರಲ್ಲಿ ಮಾವನ ಮನೆಯಲ್ಲಿ ಅಕ್ಕಪಕ್ಕ ಊಟಕ್ಕೆ ಕೂತಾಗ ಅವರ ಎಲೆಗೆ ಬಿದ್ದ ತುಪ್ಪ ನನ್ನ ಎಲೆಗೆ ಬಿದ್ದದ್ದಕ್ಕಿಂತ ತುಸು ಹೆಚ್ಚು ಅಂತ ನನಗೆ ಕಂಡಿತು. ಆ ತುಪ್ಪ ಅವರಿಗೆ ಅವತ್ತೇ ಜೀರ್ಣವಾಯಿತು, ನನಗೆ ಇವತ್ತಿನವರೆಗೂ ಆಗಿಲ್ಲ.

ಈ ಸಲದ ಪೈಪೋಟಿಗೆ ಕಾರಣ ಮಕ್ಕಳು. ಅವರ ಮೊಮ್ಮಗನೂ ನನ್ನ ಮೊಮ್ಮಗಳೂ ಒಂದೇ ವರ್ಷ, ಒಂದೇ ಇಂಜಿನಿಯರಿಂಗ್ ಕಾಲೇಜಿಗೆ, ಒಂದೇ ಕಂಪ್ಯೂಟರ್ ವಿಭಾಗಕ್ಕೆ ಸೇರಿದರು. ನನ್ನ ಮಗಳು ಕೆಲಸದ ಮೇಲೆ ನಾಗಮಂಗಲದಲ್ಲಿದ್ದಾಳೆ, ಅಲ್ಲಿಂದ ಕಾಲೇಜು ದೂರ. ಕಾಲೇಜಿನ ಬಸ್ಸು ಚಿನಕುರಳಿಯಿಂದ ಹೊರಟು ಪಾಂಡವಪುರದ ನಮ್ಮ ಬೀದಿ ತುದಿಗೆ ಬರುತ್ತದೆ. ಹಾಗಾಗಿ ಮೊಮ್ಮಗಳು ನಮ್ಮ ಮನೆಯಲ್ಲೇ ಇರಲಿ ಎಂದಾಯಿತು. ನಾನೂ ನನ್ನ ಹೆಂಡತಿಯೂ ಅವಳ ಕೋಣೆಗೆ ಸುಣ್ಣ ಹೊಡೆಸಿ ಕಾದೆವು. ಮಗಳು ಬಂದವಳು ಕೋಣೆ ನೋಡಲಿಲ್ಲ, ಗೋಡೆ ನೋಡಲಿಲ್ಲ. "ಅಪ್ಪಾ, ಇವಳ ಓದಿಗೆ ನೆಟ್ಟು ಸರಿಯಾಗಿರ್ಬೇಕು. ಇಲ್ಲಿ ಸರಿ ಬರ್ಲಿಲ್ಲ ಅಂದ್ರೆ ದೊಡ್ಡಮ್ಮನ ಮನೇಲಿ ಬಿಡ್ತೀನಿ, ಬೇಜಾರು ಮಾಡ್ಕೋಬೇಡ" ಅಂದಳು.

ದೊಡ್ಡಮ್ಮನ ಮನೆ ಎಂದರೆ ಷಡ್ಡಕನ ಮನೆ. ತುಪ್ಪ ಹೋದರೆ ಹೋಗಲಿ, ಮೊಮ್ಮಗಳನ್ನೂ ಬಿಟ್ಟುಕೊಡುವುದೇ?

ಗುದ್ದಿನ ಪರೀಕ್ಷೆ

ಮೊದಲು ಕಂಪ್ಯೂಟರು. ಮೊಮ್ಮಗಳು ನನ್ನನ್ನು ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಪ್ರೋಗ್ರಾಮ್ ಬರೆಯುವವರಿಗೆ ಮೆಮೊರಿ ಹದಿನಾರು ಜಿಬಿ ಇದ್ದರೆ ಓದು ಮುಗಿಯುವವರೆಗೆ ನೆಮ್ಮದಿ. ಒಳಗೆ ಗಿರಗಿರ ತಿರುಗುವ ಹಳೇ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಬೇಕು. ದಿನಾ ಬಸ್ಸಿನಲ್ಲಿ ಹೊರಬೇಕಾದ್ದರಿಂದ ಹಗುರವಾಗಿರಬೇಕು. ಬ್ಯಾಟರಿ ಸಂಜೆವರೆಗೆ ಬರಬೇಕು, ಕೀಬೋರ್ಡು ಬೆರಳಿಗೆ ಹಿತವಾಗಿರಬೇಕು. ನಾನು ಎಲ್ಲವನ್ನೂ ತಲೆಯಾಡಿಸಿ ಕೇಳಿ, "ಅದ್ಸರಿ, ಚಿನಕುರಳಿಯವರು ಯಾವುದು ತಗೊಂಡ್ರು?" ಎಂದೆ.

ಅವರು ಹಿಂದಿನ ದಿನವೇ ಮೈಸೂರಿಗೆ ಹೋಗಿ ಕೊಂಡು ತಂದಿದ್ದರು. ನಾವೂ ಅದೇ ಅಂಗಡಿಗೆ ಹೋದೆವು. ಮಾರಾಟಕ್ಕೆ ನಿಂತಿದ್ದ ಹೆಣ್ಣುಮಗಳಿಗೆ ನಿನ್ನೆ ಬಿಳೀ ಪಂಚೆಯ ಹಿರಿಯರೊಬ್ಬರು ಬಂದಿದ್ದರಾ ಅಂದೆ. ಅವಳು ಅವರನ್ನು ಮರೆತಿರಲಿಲ್ಲ, ಮರೆಯುವ ಹಾಗೂ ಇರಲಿಲ್ಲ. ಅವರು ಆಟ ಆಡುವವರು ಕೊಳ್ಳುವ ದೊಡ್ಡ ಲ್ಯಾಪ್‌ಟಾಪು ಒಯ್ದಿದ್ದರಂತೆ, ಕೀಲಿ ಕೀಲಿಗೂ ಕೆಂಪು ನೀಲಿ ದೀಪ ಹತ್ತುವುದು. ಕೊಳ್ಳುವ ಮುಂಚೆ, ನಮ್ಮೂರ ಪಕ್ಕ ಕ್ವಾರಿಯಲ್ಲಿ ಬಂಡೆ ಸಿಡಿಸುತ್ತಾರೆ, ಪಾತ್ರೆಪಗಡ ಎಲ್ಲ ಅದುರುತ್ತದೆ, ಇದು ತಡೆಯುತ್ತದಾ ಅಂತ ಕೇಳಿದರಂತೆ. ಇದರೊಳಗೆ ತಿರುಗುವ ಭಾಗವೇ ಇಲ್ಲ, ಅದುರಿದರೆ ಏನೂ ಆಗುವುದಿಲ್ಲ ಅಂದಳಂತೆ ಇವಳು. ಮಾತಿನ ಮೇಲೆ ನಂಬಿಕೆ ಬರದೆ ಅವರು ಲ್ಯಾಪ್‌ಟಾಪನ್ನು ಮೇಜಿನ ಮೇಲಿಡಿಸಿ, ಪಕ್ಕದಲ್ಲೇ ಮುಷ್ಟಿ ಕಟ್ಟಿ ಮೇಜಿಗೆ ಗುದ್ದಿದರಂತೆ.

ಮೊಮ್ಮಗಳು ಆರಿಸಿದ್ದು ತೆಳ್ಳಗಿನ, ಬೂದು ಬಣ್ಣದ, ದೀಪಗೀಪ ಏನೂ ಇಲ್ಲದ ಸಾಧು ಲ್ಯಾಪ್‌ಟಾಪು. ದೀಪ ಇರುವುದೇ ತಗೊಳ್ಳಮ್ಮ ಎಂದು ನಾನು ಗೋಗರೆದೆ. ಕತ್ತಲೆಯಲ್ಲಿ ಅಕ್ಷರ ಕಾಣಲಿ ಅಂತಾನಾ ತಾತ ಅಂದಳು. ಅಲ್ಲಮ್ಮ, ರಸ್ತೆಯಲ್ಲಿ ಹೋಗುವವರಿಗೆ ಕಿಟಕಿಯಿಂದ ಕಾಣಲಿ ಅಂತ ಅಂದೆ. ಅವಳು ಒಪ್ಪಲಿಲ್ಲ.

ಕೊನೆಗೆ ನಾನು ಅಂಗಡಿಯ ಹೆಣ್ಣುಮಗಳನ್ನು ಪಕ್ಕಕ್ಕೆ ಕರೆದು ನಿನ್ನೆ ಅವರು ಎಷ್ಟು ಜೋರಾಗಿ ಗುದ್ದಿದರಮ್ಮ ಎಂದು ವಿಚಾರಿಸಿದೆ. ಸಾಕಷ್ಟು ಜೋರಾಗಿಯೇ ಸರ್ ಅಂದಳು. ನಾನು ಅಂಗಿಯ ತೋಳು ಮಡಿಚಿ, ಅದೇ ಮೇಜಿಗೆ ಅದಕ್ಕಿಂತ ಜೋರಾಗಿ ಗುದ್ದಿದೆ. ನಮ್ಮ ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. ಒಳಗಿಂದ ಓಡಿ ಬಂದ ಮಾಲೀಕರು ಮಾತ್ರ ಬಿಲ್ಲು ಕೊಡುವಾಗ, ನಿಮ್ಮ ಕಡೆಯವರು ಇನ್ನೂ ಎಷ್ಟು ಜನ ಬರುವವರಿದ್ದಾರೆ ಯಜಮಾನರೇ ಎಂದು ಕೈಮುಗಿದು ಕೇಳಿದರು.

ನಿಂಬೆಹಣ್ಣಿನ ವಿಜ್ಞಾನ

ನಮ್ಮ ಕಡೆ ಹೊಸ ಗಾಡಿ ತಂದರೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹತ್ತಿಸಿಕೊಂಡು ಹೋಗುವುದು ವಾಡಿಕೆ. ಅವತ್ತು ಸಂಜೆ ನೆಂಟರ ವಾಟ್ಸಾಪ್ ಗುಂಪಿಗೆ ಷಡ್ಡಕನ ಮನೆಯಿಂದ ಒಂದು ಫೋಟೋ ಬಂತು. ಲ್ಯಾಪ್‌ಟಾಪಿಗೆ ಸೇವಂತಿಗೆ ಹಾರ, ಮುಚ್ಚಳದ ಮೇಲೆ ಅರಿಶಿನ ಕುಂಕುಮ, ನಾಲ್ಕು ಮೂಲೆಗೂ ಒಂದೊಂದು ನಿಂಬೆಹಣ್ಣು, ಅವುಗಳ ಮೇಲೆ ಲ್ಯಾಪ್‌ಟಾಪು ಮಂಟಪದ ಹಾಗೆ ಕೂತಿದೆ.

ನಾನು ಬಿ.ಎಸ್ಸಿ. ಓದಿದವನು. ಸಿಕ್ಕಿದ್ದೇ ಸಾಕು ಅಂತ ಗುಂಪಿನಲ್ಲಿ ಬರೆದೆ, ಅಣ್ಣಾ, ಇದನ್ನು ರಿವರ್ಸ್ ತೆಗೆಯುವಾಗ ಹಿಂದೆ ನೋಡಿಕೊಳ್ಳಿ ಎಂದು. ನೆಂಟರೆಲ್ಲ ನಗುವ ಮುಖಗಳನ್ನು ಹಾಕಿದರು. ರಾತ್ರಿ ಊಟ ರುಚಿಸಿತು.

ವಾರ ಕಳೆಯಿತು. ಮೊಮ್ಮಗಳು ಕಾಲೇಜಿನಿಂದ ಬಂದು ನಗುತ್ತಾ ಒಂದು ಸುದ್ದಿ ಹೇಳಿದಳು. ಆ ದೀಪದ ಲ್ಯಾಪ್‌ಟಾಪು ಕೆಲಸ ಮಾಡುವಾಗ ಬಿಸಿಯಾಗುತ್ತದಂತೆ, ಒಳಗಿನ ಫ್ಯಾನು ಅಕ್ಕಿ ಗಿರಣಿಯ ಹಾಗೆ ಸದ್ದು ಮಾಡುತ್ತದಂತೆ. ಪೂಜೆಯ ದಿನ ನಿಂಬೆಹಣ್ಣಿನ ಮೇಲಿಟ್ಟಾಗ ಮಾತ್ರ ಸದ್ದೇ ಇರಲಿಲ್ಲವಂತೆ. ಕೆಳಗಿನಿಂದ ಗಾಳಿಯಾಡಿದರೆ ತಣ್ಣಗಿರುತ್ತದೆ ಅಂತ ಹುಡುಗನಿಗೆ ಆಗ ಗೊತ್ತಾಗಿ, ಈಗ ದಿನಾ ನಿಂಬೆಹಣ್ಣಿನ ಮೇಲಿಟ್ಟೇ ಓದುತ್ತಿದ್ದಾನಂತೆ. ಕ್ಲಾಸಿನಲ್ಲಿ ಮೇಷ್ಟರು ಕೂಡ ಒಳ್ಳೇ ಉಪಾಯ ಅಂದರಂತೆ.

ಅವರ ಮೂಢನಂಬಿಕೆ ಕೂಡ ವಿಜ್ಞಾನವಾಗಿ ಪಾಸಾಗಬೇಕೆ? ನಾನು ಮೆಲ್ಲಗೆ ಅಡುಗೆಮನೆಗೆ ಹೋಗಿ ನಾಲ್ಕು ನಿಂಬೆಹಣ್ಣು ಕೇಳಿದೆ. ಹೆಂಡತಿ ಪಾನಕಕ್ಕಾ ಅಂದಳು. ಅಲ್ಲ, ವಿಜ್ಞಾನಕ್ಕೆ ಅಂದೆ. ಮೊಮ್ಮಗಳು ಪಾಪ ಲ್ಯಾಪ್‌ಟಾಪಿನ ಹೊಟ್ಟೆಗೆ ನನ್ನ ಕೈ ತಾಗಿಸಿ ತೋರಿಸಿದಳು. ನಮ್ಮದು ಬಿಸಿಯೇ ಆಗುವುದಿಲ್ಲ. ಅವರದು ಬಿಸಿಯಾಗುತ್ತದೆ, ನಮ್ಮದು ಆಗುವುದಿಲ್ಲ ಅಂತ ನಾನು ಸಂಕಟಪಡುತ್ತಾ ಕೂತಿದ್ದಾಗ ಹೆಂಡತಿ ಆ ನಿಂಬೆಹಣ್ಣನ್ನು ಚಿತ್ರಾನ್ನಕ್ಕೆ ಹಿಂಡಿದಳು.

ಷುಗರು ಹೋಗಿ ಸ್ಪೀಡು ಬಂತು

ಆಮೇಲೆ ನೆಟ್ಟು. ಫೋನಿನ ಸಿಮ್ಮೇ ಸಾಕು ಎಂದರು ಕೆಲವರು. ಮಹಡಿ ಮೇಲೆ ಡಬ್ಬಿ ಇಟ್ಟರೆ ಗಾಳಿಯಲ್ಲೇ ಬರುತ್ತದೆ ಎಂದರು ಕೆಲವರು. ಷಡ್ಡಕ ಯಾರನ್ನೂ ಕೇಳದೆ ಫೈಬರು ಎಳೆಸಿದರು. ಗಾಜಿನ ಎಳೆಯೊಳಗೆ ಬೆಳಕು ಓಡುವ ತಂತಿ. ನಾನೂ ಅದೇ ಕೇಬಲ್ಲಿನವನನ್ನು ಕರೆಸಿ ಫೈಬರು ಹಾಕಿಸಿದೆ.

ಇದಕ್ಕೆ ಮುಂಚೆ ನಾವಿಬ್ಬರೂ ದಿನಾ ಬೆಳಿಗ್ಗೆ ಫೋನಿನಲ್ಲಿ ನಮ್ಮ ನಮ್ಮ ಷುಗರು ಎಷ್ಟು ಎಂದು ವಿಚಾರಿಸಿಕೊಳ್ಳುತ್ತಿದ್ದೆವು. ಅದರಲ್ಲಿ ಕಡಿಮೆ ಬಂದವನು ಗೆದ್ದ. ಈಗ ಷುಗರು ಬಿಟ್ಟು ಸ್ಪೀಡು ಶುರುವಾಯಿತು. ಇದರಲ್ಲಿ ಜಾಸ್ತಿ ಬಂದವನು ಗೆದ್ದ. ಮೊದಲ ದಿನವೇ ಅವರು ಕೇಳಿದರು, "ಎಸ್ಟು ಬತ್ತದಲಾ ನಿಂದು?" ನಲವತ್ತು ಎಂದೆ. ನಂದು ನೂರು ಕಣ್ಲಾ ಎಂದು, ಇನ್ನೇನೂ ಮಾತಿಲ್ಲದವರ ಹಾಗೆ ಫೋನಿಟ್ಟುಬಿಟ್ಟರು.

ನಾನು ನೂರಕ್ಕೆ ಏರಿಸಲು ಹೊರಟೆ. ಮೊಮ್ಮಗಳು ತಡೆದಳು. ಪ್ರೋಗ್ರಾಮ್ ಕಲಿಯುವವರಿಗೆ ಅಷ್ಟು ವೇಗ ಬೇಡ, ದೊಡ್ಡ ಸಾಫ್ಟ್‌ವೇರುಗಳನ್ನು ಒಂದು ಸಲ ಇಳಿಸಿಕೊಂಡರೆ ಆಯಿತು, ಮುಖ್ಯವಾಗಿ ಬೇಕಾದ್ದು ನಡುನಡುವೆ ಕಡಿದುಹೋಗದ ನೆಟ್ಟು ಎಂದಳು. ನನಗೆ ಬಹಳ ಸಮಾಧಾನವಾಯಿತು. "ಹಾಗಾದ್ರೆ ನೂರು ದಂಡ?" ಎಂದೆ. ದಂಡವೇ ತಾತ ಎಂದಳು. "ಇದನ್ನ ನೀನೇ ಒಂದ್ಸಲ ಚಿನಕುರಳಿಗೆ ಫೋನ್ ಮಾಡಿ ಹೇಳ್ಬಿಡು ಮಗಳೇ, ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅನ್ಕೋತಾರೆ" ಎಂದೆ.

ಅವಳು ಫೋನು ಮಾಡಲಿಲ್ಲ. ನಾನು ನೂರಕ್ಕೆ ಏರಿಸಿದೆ. ಸುದ್ದಿ ಹೇಳೋಣ ಎಂದು ಫೋನು ಮಾಡಿದರೆ ಅವರು ಇನ್ನೂರಕ್ಕೆ ಏರಿಸಿದ್ದರು. ಅವತ್ತು ಇಬ್ಬರ ಷುಗರೂ ಜಾಸ್ತಿಯಾಗಿತ್ತು ಎಂದು ಆಮೇಲೆ ಹೆಂಡತಿಯರ ಮೂಲಕ ತಿಳಿಯಿತು.

ಭಕ್ತಿಯ ಮನೆ

ಒಂದೇ ಒಂದು ಸಲ ನಾನು ಗೆದ್ದೆ. ಹೇಳದಿದ್ದರೆ ತಪ್ಪಾದೀತು.

ನೆಟ್ಟಿನ ಡಬ್ಬಿ ಮನೆಯ ನಡುಮಧ್ಯೆ ಇದ್ದರೆ ಎಲ್ಲ ಕೋಣೆಗೂ ಸಮ ಹಂಚಿಕೆಯಾಗುತ್ತದೆ ಎಂದು ಕೇಬಲ್ಲಿನವನು ಹೇಳಿದ. ನಮ್ಮ ಮನೆಯ ನಡುಮಧ್ಯೆ ಇರುವುದು ದೇವರ ಕೋಣೆ. ಬಾಗಿಲ ಮೇಲೆ ಡಬ್ಬಿ ಕೂತಿತು, ನಂದಾದೀಪದ ಜೊತೆ ಅದರ ಹಸಿರು ದೀಪವೂ ಮಿಣುಕಿತು. ಹಬ್ಬಕ್ಕೆ ಕೆ.ಆರ್. ಪೇಟೆಯಿಂದ ನನ್ನ ತಮ್ಮನ ಮನೆಯ ಮಕ್ಕಳೆಲ್ಲ ಬಂದರು. ಬಂದವರು ಕಾಲು ತೊಳೆದು ನೇರ ದೇವರ ಕೋಣೆಯ ಮುಂದೆ ಕೂತರು. ತಲೆ ಬಗ್ಗಿಸಿ, ಮಾತಿಲ್ಲ, ಕತೆಯಿಲ್ಲ, ಊಟಕ್ಕೆ ಕರೆದರೂ ಏಳಲಿಲ್ಲ. ತಲೆ ಬಗ್ಗಿಸಿದ್ದು ಫೋನಿನ ಕಡೆಗೆ ಎಂದು ನನಗೆ ಗೊತ್ತು. ನನ್ನ ಹೆಂಡತಿ ಹಿಂದಿನಿಂದ ನೋಡಿ ಕಣ್ಣೊರೆಸಿಕೊಂಡಳು, ಅಕ್ಕನಿಗೆ ಫೋನು ಮಾಡಿ ನಮ್ಮ ಮನೆ ಮಕ್ಕಳ ಭಕ್ತಿಯನ್ನು ವರ್ಣಿಸಿದಳು.

ಮಾರನೆಯ ದಿನ ಷಡ್ಡಕ ಕೇಬಲ್ಲಿನವನನ್ನು ಕರೆಸಿ ತಮ್ಮ ಮನೆಯ ಡಬ್ಬಿಯನ್ನೂ ದೇವರ ಕೋಣೆಗೆ ಬದಲಾಯಿಸಿದರು. ಅವರ ದೇವರ ಕೋಣೆ ಇರುವುದು ಮನೆಯ ಮೂಲೆಯಲ್ಲಿ, ಅದರಿಂದಾಚೆಗೆ ನೆಟ್ಟು ಸಿಗದು. ಆಮೇಲೆ ಅವರ ಮೊಮ್ಮಗ ಓದಬೇಕಾದರೆ ಸ್ನಾನ ಮಾಡಿಯೇ ಓದಬೇಕಾಯಿತು.

ಕವೆಗೋಲು

ಗೆದ್ದ ಖುಷಿ ಕಬ್ಬು ಕಡಿಯುವ ಕಾಲ ಬರುವವರೆಗೆ ಇತ್ತು. ನಮ್ಮ ಬೀದಿ ಸಕ್ಕರೆ ಕಾರ್ಖಾನೆಗೆ ಹೋಗುವ ದಾರಿ. ಕಬ್ಬಿನ ಲೋಡು ಎಂದರೆ ಟ್ರಾಕ್ಟರಿನ ಮೇಲೆ ಒಂದು ಮನೆ ಕಟ್ಟಿದ ಹಾಗೆ. ಆ ಮನೆಯ ಸೂರಿಗೆ ರಸ್ತೆಗೆ ಅಡ್ಡಲಾಗಿ ಹಾದ ನಮ್ಮ ಫೈಬರು ಸಿಕ್ಕಿ ಪಟ್ಟನೆ ಹರಿಯುತ್ತಿತ್ತು. ಕೇಬಲ್ಲಿನವನು ಬಂದು ಬೆಸೆಯುವುದು, ಇನ್ನೊಂದು ಲೋಡು ಬಂದು ಹರಿಯುವುದು. ಮೊಮ್ಮಗಳು ಬರೆದದ್ದನ್ನು ಕಾಲೇಜಿಗೆ ಕಳಿಸುವ ಹೊತ್ತಿಗೇ ನೆಟ್ಟು ಹೋಗುತ್ತಿತ್ತು. ನಾಗಮಂಗಲದಿಂದ ಮಗಳ ಫೋನು ಬಂತು, ಮುಂದಿನ ಪರೀಕ್ಷೆಯಲ್ಲೂ ಹೀಗಾದರೆ ಬಟ್ಟೆಬರೆ ಚಿನಕುರಳಿಗೆ ಎಂದು. ಅದರ ಬೆನ್ನಿಗೇ ಷಡ್ಡಕನ ಫೋನು. "ಕೂಸ್ನ ಕಳ್ಸ್ಬುಡ್ಲಾ ಇಲ್ಗೆ. ಮಹಡಿ ಮೇಲ್ ರೂಮು ಖಾಲಿ ಬಿದ್ದದೆ" ಎಂದರು. ಅವರ ದನಿಯಲ್ಲಿ ಇದ್ದ ಪ್ರೀತಿ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

ನಾನು ತೋಟದವರಿಂದ ಉದ್ದನೆಯ ಕವೆಗೋಲು ತಂದೆ, ತುದಿ ಕವಲೊಡೆದ ಬಿದಿರಿನ ಗಳ. ಗೇಟಿನ ಮುಂದೆ ಕುರ್ಚಿ ಹಾಕಿ ಕೂತೆ. ಲೋಡು ಬಂದಾಗ ಎದ್ದು, ಕವೆಯಿಂದ ಫೈಬರನ್ನು ಮೇಲೆತ್ತಿ ಹಿಡಿದು, ಲೋಡು ದಾಟಿದ ಮೇಲೆ ಇಳಿಸುವುದು. ಡ್ರೈವರುಗಳಿಗೆ ನನ್ನ ಗುರುತಾಯಿತು, ಕೆಲವರು ಹಾರನ್ನು ಹೊಡೆದು ಸಲಾಮು ಹಾಕತೊಡಗಿದರು. ಹೊಸಬನೊಬ್ಬ ಯಾವುದೋ ವಸೂಲಿಯವನು ಎಂದು ತಿಳಿದು ಗಾಡಿ ನಿಲ್ಲಿಸಿ, ಮಾತಾಡದೆ ಎರಡು ಕಬ್ಬಿನ ಜಲ್ಲೆ ನನ್ನ ಕೈಗಿಟ್ಟು ಹೋದ. ಒಳಗೆ ತಂದಾಗ ಹೆಂಡತಿ ನೋಡಿ, "ಪೆನ್ಷನ್ ಜೊತೆ ಇದೂ ಬರುತ್ತಾ ಇನ್ನು?" ಅಂದಳು.

ಎರಡು ತುದಿ

ಪರೀಕ್ಷೆ ಬಂತು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆದು ತೋರಿಸುವ ಪರೀಕ್ಷೆ. ನೆಟ್ಟು ಹೋದರೆ ಪರೀಕ್ಷೆಯೂ ಹೋಯಿತು. ಕ್ಯಾಮೆರಾದಲ್ಲಿ ಬೇರೆ ಮುಖ ಕಂಡರೆ ನಕಲು ಎಂದು ಲೆಕ್ಕ. ಯಾರೂ ಒಳಗೆ ಬರಬೇಡಿ, ಬಾಗಿಲೂ ತಟ್ಟಬೇಡಿ ಎಂದು ಮೊಮ್ಮಗಳು ಕದ ಹಾಕಿಕೊಂಡಳು. ಅತ್ತ ಚಿನಕುರಳಿಯಲ್ಲಿ ಷಡ್ಡಕನ ಮೊಮ್ಮಗನಿಗೂ ಅದೇ ಹೊತ್ತಿಗೆ ಅದೇ ಪರೀಕ್ಷೆ.

ನಾನು ತಿಂಡಿ ಮುಗಿಸಿದವನೇ ಕವೆಗೋಲು ಹಿಡಿದು ನಿಂತೆ. ಲೋಡಿನ ಮೇಲೆ ಲೋಡು ಬಂತು, ಒಂದಕ್ಕೂ ಫೈಬರು ಸೋಕಲು ಬಿಡಲಿಲ್ಲ. ಪರೀಕ್ಷೆ ಅರ್ಧ ಆಗಿರಬಹುದು, ದೂರದಲ್ಲಿ ಎಲ್ಲಕ್ಕಿಂತ ಎತ್ತರದ ಲೋಡೊಂದು ಕಂಡಿತು. ಡ್ರೈವರನ ಪಕ್ಕದಲ್ಲಿ ಬಿಳೀ ಪಂಚೆ. ಷಡ್ಡಕನ ಟ್ರಾಕ್ಟರು, ಷಡ್ಡಕನ ಕಬ್ಬು, ಮೇಲೆ ಸಾಕ್ಷಾತ್ ಷಡ್ಡಕ. ನಾನು ಫೈಬರು ಎತ್ತಿ ಹಿಡಿದೆ. ಹತ್ತಿರ ಬಂದವರು ಬೀದಿಗೆಲ್ಲ ಕೇಳುವ ಹಾಗೆ, "ಏನ್ಲಾ, ಬಿ.ಎಸ್ಸಿ. ಓದಿ ಗಳ ಹಿಡ್ಯ ಕೆಲ್ಸುಕ್ ಸೇರ್ಕೊಂಡಾ?" ಅಂದರು.

ಇಂಥ ಮಾತಿಗೆ ಮನುಷ್ಯನಾದವನು ಸೊಂಟದ ಮೇಲೆ ಕೈಯಿಟ್ಟೇ ಉತ್ತರ ಕೊಡಬೇಕು. ನಾನು ಸೊಂಟದ ಮೇಲೆ ಕೈಯಿಟ್ಟೆ. ಎರಡೂ ಕೈ ಇಟ್ಟೆ. ಗಳ ಇಳಿಯಿತು. ಪಟ್ಟ್ ಎಂದಿತು.

ಫೈಬರು ಎರಡು ತುಂಡಾಗಿ ರಸ್ತೆಗೆ ಬಿತ್ತು. ನನ್ನ ಕಣ್ಣ ಮುಂದೆ ಮೊಮ್ಮಗಳ ಬಟ್ಟೆಯ ಪೆಟ್ಟಿಗೆ, ಚಿನಕುರಳಿಯ ಮಹಡಿ ಎಲ್ಲ ಬಂದು ಹೋದವು. ಷಡ್ಡಕ ಟ್ರಾಕ್ಟರಿನಿಂದ ಇಳಿದು, ಹೋಗ್ಲಿ ಬುಡು, ನಮ್ಮನೇಗೆ ಕಳ್ಸು ಎಂದು ನಕ್ಕರು. ನಾನು ಕೇಬಲ್ಲಿನವನಿಗೆ ಫೋನು ಮಾಡಿದೆ. ಅವನು ಬೂಕನಕೆರೆಯಲ್ಲಿ ಇನ್ನೊಂದು ಕಡೆ ಬೆಸೆಯುತ್ತಿದ್ದ. ಮೊನ್ನೆಯಿಂದ ಚಿನಕುರಳಿಗೆ ಹೋಗುವ ಲೈನೂ ಅದೇ ಸ್ವಾಮಿ, ಅಲ್ಲೂ ಹೋಗಿದೆ, ನಾನು ಬರುವವರೆಗೆ ಎರಡು ತುದಿಯನ್ನೂ ಚಕ್ರಕ್ಕೆ ಸಿಗದ ಹಾಗೆ ಹಿಡಿದುಕೊಂಡಿರಿ ಎಂದ.

ಷಡ್ಡಕನಿಗೆ ತಿಳಿಸಿದೆ. ಅವರ ನಗು ಅಲ್ಲೇ ಒಣಗಿತು. ತಮ್ಮದೇ ಕಬ್ಬು, ತಮ್ಮದೇ ಮೊಮ್ಮಗನ ಪರೀಕ್ಷೆ. ಮನೆಗೆ ಫೋನು ಮಾಡಿದರು, ಹೆಂಡತಿ ಎತ್ತಲಿಲ್ಲ. ಮತ್ತೆ ಮಾಡಿದರು, ಕಟ್ ಆಯಿತು. "ಅಯ್ಯೋ, ಹೈದ ಅಳ್ತಾ ಕೂತವ್ನೋ ಏನೋ" ಎಂದು ಒಂದು ತುದಿ ಎತ್ತಿಕೊಂಡರು. ಪಂಪ್‌ಸೆಟ್ ವೈರನ್ನು ಹೀಗೇ ಅಲ್ಲವಾ ಸೇರಿಸುವುದು, ಎರಡನ್ನೂ ಹೊಸೆದುಬಿಡೋಣ ಅಂದರು. ನಾನು ತಡೆದೆ. ಇದರೊಳಗೆ ಹರಿಯುವುದು ಕರೆಂಟಲ್ಲ, ಬೆಳಕು, ಬೆಳಕು ನೇರವಾಗಿ ಹೋಗುತ್ತದೆ, ತುದಿಗೆ ತುದಿ ಎದುರೆದುರು ಅಲುಗಾಡದೆ ಹಿಡಿದರೆ ಆ ಕಡೆಯಿಂದ ಈ ಕಡೆಗೆ ದಾಟಿಕೊಳ್ಳುತ್ತದೆ ಎಂದು ಹೇಳಿದೆ. ನನ್ನ ಬಿ.ಎಸ್ಸಿ.ಗೆ ಅವರು ಮೊದಲ ಸಲ ಮರ್ಯಾದೆ ಕೊಟ್ಟರು.

ಹಿಡಿದೆವು. ರಸ್ತೆಯ ನಟ್ಟನಡುವೆ, ಬಿಸಿಲಿನಲ್ಲಿ, ಅವರೊಂದು ತುದಿ, ನಾನೊಂದು ತುದಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಮದುವೆಯಾದಂದಿನಿಂದ ನಾವಿಬ್ಬರೂ ಅಷ್ಟು ಹತ್ತಿರ ನಿಂತದ್ದಿಲ್ಲ. ಹಿಂದೆ ಕಬ್ಬಿನ ಲೋಡುಗಳು ಸಾಲುಗಟ್ಟಿದವು. ಒಬ್ಬ ಡ್ರೈವರು ಇಳಿದು ಬಂದು, ಯಜಮಾನ್ರೇ, ಹಗ್ಗ ಜಗ್ಗಾಟ ಆದರೆ ಇನ್ನೂ ಸ್ವಲ್ಪ ದೂರ ನಿಲ್ಲಬೇಕು ಎಂದ. ಷಡ್ಡಕ ತುಟಿ ಮಾತ್ರ ಆಡಿಸಿ ಗದರಿದರು, "ಸುಮ್ಕಿರ್ಲಾ, ಐಕ್ಳು ಪರೀಕ್ಸೆ ನಡೀತಾದೆ." ನನ್ನ ಮೂಗಿನ ಮೇಲೆ ನೊಣ ಕೂತಿತು. ಮೊಮ್ಮಗಳಿಗಾಗಿ ಸಹಿಸಿಕೊಂಡೆ. ಅವರ ಪಂಚೆ ಸಡಿಲವಾಗುತ್ತಿತ್ತು. ಅವರೂ ಮೊಮ್ಮಗನಿಗಾಗಿ ಸಹಿಸಿಕೊಂಡರು.

ಕೊನೆಗೆ ಬಾಗಿಲು ತೆಗೆದ ಸದ್ದಾಯಿತು. ಮೊಮ್ಮಗಳು ಹೊರಗೆ ಬಂದವಳು ನಮ್ಮನ್ನೂ, ಹಿಂದಿನ ಸಾಲನ್ನೂ ನೋಡಿ ನಿಂತುಬಿಟ್ಟಳು. ಅಲುಗಾಡದೆಯೇ ಕೇಳಿದೆ, ಹೇಗಾಯಿತಮ್ಮ ಎಂದು.

"ಚೆನ್ನಾಗಾಯ್ತು ತಾತ, ಪೂರ್ತಿ ಬರ್ದೆ. ಅವನೂ ಬರ್ದನಂತೆ, ಈಗ ಮೆಸೇಜ್ ಬಂತು."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಷಡ್ಡಕನ ಕಣ್ಣು ಒದ್ದೆಯಾಗಿತ್ತು. "ನನ್ ತುದಿ ಒಸಿನೂ ಅಲ್ಲಾಡ್ನಿಲ್ಲ ಕಣವ್ವ" ಎಂದು ಅವಳಿಗೆ ಹೇಳಿದರು. ಅಲ್ಲಾಡಿದ್ದು ನನ್ನದು ಎನ್ನುವ ಹಾಗಿತ್ತು ಆ ಮಾತು. ಐಡಿಯಾ ನನ್ನದು ಎಂದು ನಾನು ತಕ್ಷಣ ಸೇರಿಸಿದೆ.

ಮೊಮ್ಮಗಳು ಮೆತ್ತಗೆ ಹೇಳಿದಳು. "ತಾತ, ಕಬ್ಬಿನ ಟೈಮಲ್ಲಿ ಫೈಬರ್ ನಂಬೋಕಾಗಲ್ಲ ಅಂತ ನಾನು ಬೆಳಿಗ್ಗೆಯಿಂದ ಅಜ್ಜಿ ಫೋನಿನ ನೆಟ್ಟಲ್ಲೇ ಬರ್ದೆ. ಅವನಿಗೂ ಅವರಜ್ಜಿ ಫೋನ್ ಇಟ್ಕೊಳ್ಳೋಕೆ ಹೇಳಿದ್ದೆ. ಪರೀಕ್ಷೆ ಮುಗಿಯೋವರೆಗೂ ಕಾಲ್ ಬಂದ್ರೆ ಕಟ್ ಮಾಡು ಅಂತಾನೂ ಹೇಳಿದ್ದೆ." ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, "ನಾನು ಎಲ್ಲಿಗೂ ಹೋಗಲ್ಲ ಬಿಡಿ. ಅಜ್ಜಿ ಫೋನ್ ಇರೋ ಕಡೆ ನಾನಿರ್ತೀನಿ" ಎಂದು ಒಳಗೆ ಹೋದಳು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಆ ಹಳೇ ಫೋನನ್ನು ಸೆರಗಿನಿಂದ ಒರೆಸುತ್ತಿದ್ದಳು. ಇಷ್ಟು ವರ್ಷ ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚು ಒಂದೇ ಗಳಿಗೆಯಲ್ಲಿ ಮನೆಯೊಳಕ್ಕೇ ತಿರುಗಿತು.

ರಸ್ತೆಯಲ್ಲಿ ಹಾರನ್ನುಗಳು ಕೂಗುತ್ತಿದ್ದವು. ಷಡ್ಡಕ ಪಂಚೆಯ ಕಡೆ ನೋಡಿಕೊಂಡು, "ಅಂಗಾರೆ ಇದ್ನ ಬುಟ್ಬುಡಾನೇನ್ಲಾ?" ಎಂದರು.

"ನೀವು ಮೊದ್ಲು ಬಿಡಿ ಅಣ್ಣಾ" ಎಂದೆ.

"ನೀನ್ ಬುಡು" ಎಂದರು.

ಮೊದಲು ಬಿಟ್ಟವನು ಸೋತ ಹಾಗೆ ಎಂದು ಇಬ್ಬರಿಗೂ ಗೊತ್ತಿತ್ತು. ಬೂಕನಕೆರೆಯಿಂದ ಕೇಬಲ್ಲಿನವನು ಬಂದು, ಒಬ್ಬೊಬ್ಬರ ಬೆರಳನ್ನೂ ಬಿಡಿಸಿ, ಎರಡೂ ತುದಿಗಳನ್ನು ಒಟ್ಟಿಗೇ ತೆಗೆದುಕೊಳ್ಳಬೇಕಾಯಿತು.